ನಟನೆ ಹೊಟ್ಟೆಪಾಡಾದಾಗ: ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಏನ್ ಕೆಲಸ ಮಾಡ್ತೀರಿ ಅಂತ ಯಾರಾದ್ರೂ ಕೇಳಿ ನಾನು ನಟ ಅಂದ್ರೆ ಮುಗೀತು, ಎರಡು ಸೆಕೆಂಡ್ ಮುಖ ದಿಟ್ಟಿಸಿ ನೋಡ್ತಾರೆ, ಎಲ್ಲೋ ನೋಡಿದೀವಲ್ಲಾ ಅಂತ ತಲೆ ಒಳಗೆ ಹುಡುಕ್ತಾರೆ, ಸಿಗಲ್ಲ, ಆಮೇಲೆ ಪ್ರಶ್ನೆಗಳು ಶುರು. ಇಪ್ಪತ್ತು ವರ್ಷದಿಂದ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು, ಆದ್ರೆ ನನ್ನ ಉತ್ತರ ಮಾತ್ರ ಬದಲಾಗ್ತಾ ಬಂದಿದೆ. ಒಂದ್ಸಲ ಎಲ್ಲಾ ಬರೆದಿಟ್ಬಿಡೋಣ ಅಂತ ಕೂತೆ. ನಾನು ಸ್ಟಾರ್ ಅಲ್ಲ, ನಾಟಕ ಮಾಡ್ತೀನಿ, ಕ್ಯಾಮೆರಾ ಮುಂದೆ ಸಣ್ಣಪುಟ್ಟ ಪಾತ್ರ ಮಾಡ್ತೀನಿ, ಸ್ಟಾರ್ ಆಗೋದು ಹೇಗೆ ಅನ್ನೋದು ನಂಗೆ ಗೊತ್ತಿದ್ದಿದ್ರೆ ಮೊದಲು ನಾನೇ ಆಗಿರ್ತಿದ್ದೆ.

ಯಾವುದರಲ್ಲಿ ಮಾಡಿದೀರಾ? ನಾನು ನೋಡಿರ್ತೀನಾ?

ನೋಡಿರಬಹುದು, ಗಮನಿಸಿರಲ್ಲ. ಹೀರೋಗೆ ಕೆಟ್ಟ ಸುದ್ದಿ ಹೇಳೋ ಡಾಕ್ಟರ್, ಮೇಜಿನ ಹಿಂದೆ ಕೂತು ಫೈಲ್ ತಳ್ಳೋ ಆಫೀಸರ್, ಬಾಗಿಲು ತೆಗೆದು ಅವರು ಮನೇಲಿಲ್ಲ ಅನ್ನೋ ಪಕ್ಕದ್ಮನೆಯವನು, ಅದು ನಾನು ಅಥವಾ ನನ್ನಂಥೋನು. ಆ ಡಾಕ್ಟರ್ ಸರಿಯಾಗಿ ಮಾಡ್ಲಿಲ್ಲ ಅಂದ್ರೆ ನೀವು ಹೀರೋನ ಅಳುನೂ ನಂಬಲ್ಲ, ಆದ್ರೆ ಸರಿಯಾಗಿ ಮಾಡಿದ್ರೆ ಅವನು ಇದ್ದ ಅನ್ನೋದೇ ಮರೆತುಹೋಗುತ್ತೆ. ನಮ್ಮ ಕೆಲಸದ ತಮಾಷೆ ಇದು.

ಹಾಗಾದ್ರೆ ಜೀವನಕ್ಕೇನ್ ಮಾಡ್ತೀರಿ?

ಇದನ್ನ ಜನ ಸ್ವಲ್ಪ ದನಿ ತಗ್ಗಿಸಿ ಕೇಳ್ತಾರೆ, ಕಾಯಿಲೆ ವಿಚಾರ ಕೇಳೋ ಹಾಗೆ.

ನೋಡಿ, ನಟನೆಯಿಂದ ಬದುಕೋದು ಅಂದ್ರೆ ಒಂದು ಸಂಬಳ ಅಲ್ಲ, ಹತ್ತು ಸಣ್ಣ ನಲ್ಲಿಗಳು, ಒಂದು ನಿಂತಾಗ ಇನ್ನೊಂದರಲ್ಲಿ ಹನಿ ಬೀಳ್ತಿರಬೇಕು. ನಾಟಕ, ಸಿನಿಮಾ, ಸೀರಿಯಲ್ ಇವು ಹೊರಗೆ ಕಾಣೋವು. ಕಾಣದೆ ಇರೋವು ಡಬ್ಬಿಂಗ್, ವಾಯ್ಸ್ ಓವರ್, ಆಡಿಯೋ ಪುಸ್ತಕ ಓದೋದು, ಕಂಪನಿಗಳ ಟ್ರೈನಿಂಗ್ ವಿಡಿಯೋ, ಮಕ್ಕಳಿಗೆ ವರ್ಕ್‌ಶಾಪ್. ನಂಗೆ ತುಂಬಾ ಇಷ್ಟ ಆಗಿದ್ದು ಮೆಡಿಕಲ್ ಕಾಲೇಜಲ್ಲಿ ರೋಗಿ ಆಗೋ ಕೆಲಸ. ತಮಾಷೆ ಅಲ್ಲ, 1963ರಲ್ಲಿ ಹೋವರ್ಡ್ ಬ್ಯಾರೋಸ್ ಅನ್ನೋ ನರರೋಗ ತಜ್ಞರು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಪದ್ಧತಿ ಇದು, ತರಬೇತಿ ಪಡೆದವರು ರೋಗಿ ತರ ಕೂರ್ತಾರೆ, ವಿದ್ಯಾರ್ಥಿಗಳು ಬಂದು ವಿಚಾರಿಸ್ತಾರೆ, ಈಗ ಎಷ್ಟೋ ದೇಶದಲ್ಲಿ ಪರೀಕ್ಷೆನೇ ಹಾಗೆ ನಡೆಯುತ್ತೆ. ಒಂದೇ ದಿನ ಹದಿನೆಂಟು ಜನ ಹುಡುಗ ಹುಡುಗಿಯರಿಗೆ ಅದೇ ಎದೆನೋವನ್ನ ಅದೇ ತೀವ್ರತೆಯಲ್ಲಿ ಹೇಳಬೇಕು, ಹದಿನೆಂಟನೆಯವರಿಗೂ ಅದು ಮೊದಲನೇ ಸಲ ಅನ್ನಿಸ್ಬೇಕು. ಅದಕ್ಕಿಂತ ಒಳ್ಳೆ ರಿಹರ್ಸಲ್ ಯಾವ ಡೈರೆಕ್ಟರೂ ನಂಗೆ ಕೊಟ್ಟಿಲ್ಲ.

ಹಾಗೇ, ನಟನೆಗೆ ಸಂಬಂಧನೇ ಇಲ್ಲದ ಕೆಲಸಾನೂ ಮಾಡಿದೀನಿ. ಅದರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ, ಮನೆ ಬಾಡಿಗೆ ಕಟ್ಟೋಕೆ ಯಾವ ದುಡ್ಡಾದ್ರೂ ಒಂದೇ.

ಆಡಿಶನ್ ಒಳಗೆ ಏನಾಗುತ್ತೆ?

ಸಿನಿಮಾದಲ್ಲಿ ತೋರಿಸೋ ಹಾಗೆ ಏನೂ ಆಗಲ್ಲ, ಯಾರೂ ಎದ್ದು ನಿಂತು ಚಪ್ಪಾಳೆ ಹೊಡೆಯಲ್ಲ. ಈಗಂತೂ ಬಹಳಷ್ಟು ಸೆಲ್ಫ್ ಟೇಪ್, ಅಂದ್ರೆ ಮನೇಲೇ ಫೋನ್ ನಿಲ್ಸಿ ಶೂಟ್ ಮಾಡಿ ಕಳ್ಸೋದು. ಕೋವಿಡ್‌ಗೆ ಮುಂಚೇನೂ ಇತ್ತು, 2020ರ ಆಮೇಲೆ ಅದೇ ಮಾಮೂಲಿ ಆಗೋಯ್ತು. ರಾತ್ರಿ ಒಂಬತ್ತಕ್ಕೆ ಎರಡು ಪೇಜ್ ಬರುತ್ತೆ, ನಾಳೆ ಮಧ್ಯಾಹ್ನದೊಳಗೆ ಬೇಕು ಅಂತಾರೆ, ಕಥೆ ಏನು ಅಂತ ಹೇಳಲ್ಲ, ಪಾತ್ರದ ಹೆಸರೂ ಕೆಲವು ಸಲ ಸುಳ್ಳು. ಬಿಳಿ ಗೋಡೆ, ಕಿಟಕಿ ಬೆಳಕು, ಎದುರು ಸಾಲು ಓದೋಕೆ ಯಾರಾದ್ರೂ ಒಬ್ಬರು. ನನ್ನ ಹೆಂಡ್ತಿ ಇಲ್ಲಿವರೆಗೆ ಕಿಡ್ನ್ಯಾಪರ್, ಜಡ್ಜ್, ಸಾಯ್ತಿರೋ ತಂದೆ, ಎಲ್ಲಾ ಆಗಿದಾಳೆ, ಎಲ್ಲರಿಗೂ ಒಂದೇ ದನಿ, ತರಕಾರಿ ಲಿಸ್ಟ್ ಓದೋ ದನಿ. ಅದೇ ಒಳ್ಳೇದು ಕಣ್ರೀ, ಎದುರಿಗಿರೋರು ಜಾಸ್ತಿ ಆಕ್ಟ್ ಮಾಡಿದ್ರೆ ನೋಡೋರ ಗಮನ ಆ ಕಡೆ ಹೋಗ್ಬಿಡುತ್ತೆ.

ಒಂದೆರಡು ಸಣ್ಣ ವಿಷಯ ಹೇಳಿಬಿಡ್ತೀನಿ. ಓದೋರು ಲೆನ್ಸ್‌ನ ಪಕ್ಕದಲ್ಲೇ ನಿಂತಿರಬೇಕು, ದೂರ ನಿಂತ್ರೆ ನಿಮ್ಮ ಅರ್ಧ ಮುಖ ಮಾತ್ರ ಕಾಣುತ್ತೆ, ಕಣ್ಣು ಕಾಣಲ್ಲ, ಕಣ್ಣು ಕಾಣದೆ ಇದ್ರೆ ಆಡಿಶನ್ನೇ ಇಲ್ಲ. ಚಿತ್ರಕ್ಕಿಂತ ದನಿ ಚೆನ್ನಾಗಿರ್ಲಿ, ಫ್ಯಾನ್ ಆಫ್ ಮಾಡಿ. ಮೊದಲನೇ ಅಥವಾ ಮೂರನೇ ಟೇಕ್ ಕಳ್ಸಿ, ಮೂವತ್ತೇಳನೇದು ಯಾವತ್ತೂ ಚೆನ್ನಾಗಿರಲ್ಲ, ನಂಗೆ ಇದು ಗೊತ್ತಿದ್ರೂ ಪ್ರತಿ ಸಲ ಮೂವತ್ತೇಳರ ತನಕ ಹೋಗ್ತೀನಿ.

ರಿಜೆಕ್ಟ್ ಆದ್ರೆ ಬೇಜಾರಾಗಲ್ವಾ?

ರಿಜೆಕ್ಟ್ ಅಂತ ಯಾರಾದ್ರೂ ಹೇಳಿದ್ರೆ ತಾನೇ ಬೇಜಾರಾಗೋಕೆ. ಯಾರೂ ಹೇಳಲ್ಲ. ಫೋನ್ ಬರಲ್ಲ ಅಷ್ಟೇ, ನಾಲ್ಕು ತಿಂಗಳಾದ್ಮೇಲೆ ಆ ಜಾಹೀರಾತಲ್ಲಿ ನಿಮ್ಮ ಫ್ರೆಂಡ್ ನಗ್ತಿರ್ತಾನೆ, ಓಹೋ ಅಂತ ಗೊತ್ತಾಗುತ್ತೆ.

ನಾನೊಂದ್ಸಲ ಟೇಬಲ್‌ನ ಆ ಕಡೆ ಕೂತು, ಬರೋರಿಗೆ ಎದುರು ಸಾಲು ಓದೋ ಕೆಲಸ ಮೂರು ದಿನ ಮಾಡ್ದೆ. ಆವತ್ತಿಂದ ಅರ್ಧ ಬೇಜಾರು ಹೊರಟೋಯ್ತು. ಅಲ್ಲಿ ಏನ್ ಮಾತಾಡ್ತಾರೆ ಅಂದ್ರೆ, ಇವನು ಚೆನ್ನಾಗಿ ಮಾಡ್ದ ಆದ್ರೆ ತಂಗಿ ಪಾತ್ರದವಳಿಗಿಂತ ಗಿಡ್ಡ, ಇವಳು ಸೂಪರ್ ಆದ್ರೆ ಆಗ್ಲೇ ಫಿಕ್ಸ್ ಆಗಿರೋ ಅಮ್ಮನ ತರ ಕಾಣಲ್ಲ, ಇವನದ್ದು ಡೇಟ್ ಇಲ್ಲ. ನಟನೆ ಬಗ್ಗೆ ಮಾತು ಹತ್ತರಲ್ಲಿ ಎರಡು ಸಲ ಬಂದ್ರೆ ಹೆಚ್ಚು. ಅದಾದ್ಮೇಲೆ ನಾನು ಆಡಿಶನ್ನನ್ನ ಕೆಲಸ ಕೇಳೋಕೆ ಹೋಗೋದು ಅಂತ ಅಂದ್ಕೊಳಲ್ಲ, ಆವತ್ತಿನ ಕೆಲಸಾನೇ ಅದು, ಮಾಡ್ದೆ, ಮುಗೀತು, ಪೇಪರ್ ಹರಿದು ಬಿಸಾಕಿ ಮನೆಗೆ. ನಿಜವಾಗಿ ಪೇಪರ್ ಹರೀತೀನಿ, ಇಲ್ದಿದ್ರೆ ರಾತ್ರಿ ಅದೇ ಸಾಲು ಬಾತ್‌ರೂಮಲ್ಲಿ ಇನ್ನೊಂದ್ ತರ ಹೇಳ್ತಾ ನಿಂತಿರ್ತೀನಿ.

ನಾಟಕಕ್ಕೂ ಕ್ಯಾಮೆರಾಗೂ ಏನು ವ್ಯತ್ಯಾಸ? ಎರಡೂ ಆಕ್ಟಿಂಗೇ ಅಲ್ವಾ?

ಎಲ್ರೂ ಹೇಳೋ ಉತ್ತರ: ಸ್ಟೇಜಲ್ಲಿ ಜೋರಾಗಿ, ಕ್ಯಾಮೆರಾಗೆ ಮೆಲ್ಲಗೆ. ಅರ್ಧ ಸರಿ. ಸ್ಟೇಜಿಂದ ಬಂದೋರು ಕ್ಯಾಮೆರಾ ಮುಂದೆ ಸಣ್ಣದಾಗಿ ಮಾಡಿ ಅಂತ ಯಾರೋ ಹೇಳಿದ್ದನ್ನ ನಂಬಿ ಏನೂ ಮಾಡದೇ ಇರೋ ಹಾಗೆ ಆಗ್ಬಿಡ್ತಾರೆ, ಸತ್ತ ಮೀನಿನ ಕಣ್ಣು. ಒಳಗಿನ ಉರಿ ಅಷ್ಟೇ ಇರಬೇಕು, ಅದು ಎಷ್ಟು ದೂರ ಮುಟ್ಬೇಕು ಅನ್ನೋದಷ್ಟೇ ಬೇರೆ. ನಾಟಕದಲ್ಲಿ ಕೊನೇ ಸಾಲಲ್ಲಿ ಕೂತೋರಿಗೆ ಮುಟ್ಬೇಕು, ಕ್ಲೋಸಪ್‌ನಲ್ಲಿ ಮೂರಡಿ ದೂರದ ಲೆನ್ಸ್‌ಗೆ.

ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಬೇರೆ ಕಡೆ ಇದೆ. ನಾಟಕದಲ್ಲಿ ಒಂದ್ಸಲ ರಂಗಕ್ಕೆ ಹೋದ್ರೆ ಎರಡು ಗಂಟೆ ನೀವೇ ಡ್ರೈವರ್, ಯಾರೂ ಕಟ್ ಅನ್ನಲ್ಲ, ಲಯ ನಿಮ್ಮ ಕೈಲಿ. ಕ್ಯಾಮೆರಾ ಮುಂದೆ ನೀವು ಕೊಡೋದು ಬರೀ ಇಟ್ಟಿಗೆ, ಮನೆ ಕಟ್ಟೋದು ಎಡಿಟಿಂಗ್ ಟೇಬಲ್ ಮೇಲೆ. ಕೊನೇ ಸೀನ್ ಮೊದಲನೇ ದಿನ ಶೂಟ್ ಆಗುತ್ತೆ, ಇನ್ನೂ ಪರಿಚಯನೇ ಆಗದೆ ಇರೋ ನಟಿ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದೋನ ತರ ಜಗಳ ಆಡ್ಬೇಕು. ಅದಕ್ಕೇ ಸ್ಕ್ರಿಪ್ಟ್ ಪೂರ್ತಿ ಓದ್ಕೊಂಡು, ಈ ಸೀನ್‌ಗೆ ಮುಂಚೆ ಏನಾಗಿತ್ತು, ಎಷ್ಟು ಸುಸ್ತಾಗಿದೀನಿ, ಏನ್ ಗೊತ್ತು ಏನ್ ಗೊತ್ತಿಲ್ಲ ಅಂತ ಮಾರ್ಜಿನಲ್ಲಿ ಬರ್ಕೊಂಡಿರ್ತೀನಿ.

ಮತ್ತೆ ಈ ಕಂಟಿನ್ಯೂಟಿ ಅನ್ನೋ ಭೂತ, ಅಂದ್ರೆ ಪ್ರತಿ ಶಾಟಲ್ಲೂ ಎಲ್ಲಾ ಮೊದಲಿನ ಹಾಗೇ ಇರಬೇಕು ಅನ್ನೋದು. ಒಂದು ಉದಾಹರಣೆ: ಇಬ್ಬರು ಮೇಜಿನ ಎದುರು ಬದುರು ಕೂತು ಮಾತಾಡೋ ಸೀನ್, ತೆರೆ ಮೇಲೆ ಒಂದು ನಿಮಿಷ. ಮೊದಲು ಮಾಸ್ಟರ್ ಶಾಟ್, ಅಂದ್ರೆ ಇಡೀ ಸೀನನ್ನ ದೂರದಿಂದ ಒಟ್ಟಿಗೆ ತೆಗೆಯೋದು. ಅದರಲ್ಲಿ ನಾನು "ನಂಗೆ ಗೊತ್ತಿಲ್ಲ" ಅನ್ನೋ ಮಾತಲ್ಲಿ "ಗೊತ್ತಿಲ್ಲ"ಕ್ಕೆ ನೀರಿನ ಲೋಟ ಎತ್ತಿದೆ ಅಂತಿಟ್ಕೊಳಿ, ಎಡಗೈಲಿ, ಮುಕ್ಕಾಲು ಲೋಟ ನೀರು. ಮುಗೀತು, ಇನ್ನು ಇಡೀ ದಿನ ಅದೇ ನನ್ನ ಹಣೆಬರಹ. ಅವನ ಭುಜದ ಮೇಲಿಂದ ನನ್ನ ಶಾಟ್, ನನ್ನ ಕ್ಲೋಸಪ್, ಆಮೇಲೆ ಲೈಟೆಲ್ಲಾ ತಿರುಗಿಸಿ ನನ್ನ ಭುಜದ ಮೇಲಿಂದ ಅವನ ಶಾಟ್, ಒಂದೊಂದಕ್ಕೂ ಆರೇಳು ಟೇಕ್. ಪ್ರತಿ ಸಲ "ಗೊತ್ತಿಲ್ಲ"ಕ್ಕೆ ಲೋಟ, ಎಡಗೈ, ಮುಕ್ಕಾಲು. ಆವತ್ತು ನಾನು ಇಪ್ಪತ್ತಾರು ಸಲ ನೀರು ಕುಡಿದೆ. ಆಮೇಲಿಂದ ಬುದ್ಧಿ ಬಂತು, ಮಾಸ್ಟರ್ ಶಾಟ್‌ನಲ್ಲಿ ಲೋಟ ಮುಟ್ಟೋಕೆ ಮುಂಚೆ ಯೋಚನೆ ಮಾಡ್ತೀನಿ, ಇಡೀ ಮಧ್ಯಾಹ್ನ ಇದನ್ನ ಮಾಡೋಕೆ ರೆಡಿ ಇದೀನಾ ಅಂತ. ಹೊಸಬರು ಕೈಗೆ ಏನಾದ್ರೂ ಕೊಡಿ ಅಂತ ಕೇಳ್ತಾರೆ, ಹಳಬರು ಸುಮ್ನೆ ಕೈಕಟ್ಟಿ ಕೂರ್ತಾರೆ, ಕಾರಣ ಇದೇ.

ಅಷ್ಟೊಂದು ಡೈಲಾಗ್ ಹೆಂಗೆ ನೆನಪಿರುತ್ತೆ?

ಬಾಯಿಪಾಠ ಅಲ್ಲ ಅದು, ಕಾಲುಪಾಠ. ಬ್ಲಾಕಿಂಗ್, ಅಂದ್ರೆ ಯಾವಾಗ ಎಲ್ಲಿ ನಿಲ್ಬೇಕು ಎಲ್ಲಿಗೆ ನಡೀಬೇಕು ಅಂತ ಗೊತ್ತು ಮಾಡೋದು, ಆದ್ಮೇಲೆ ಕುರ್ಚಿಯಿಂದ ಎದ್ದು ಕಿಟಕಿ ಹತ್ರ ಹೋಗೋವಾಗಿನ ಮಾತು ಕಿಟಕಿ ಹತ್ರ ಹೋದಾಗ ತಾನಾಗೇ ಬರುತ್ತೆ. ಮೊದಲು ಎದುರಿನವರ ಮಾತು ಕಲೀರಿ, ಯಾಕಂದ್ರೆ ನಮ್ಮ ಮಾತು ಅದಕ್ಕೆ ಉತ್ತರ ತಾನೆ. ನಾನು ನಡೀತಾ ಕಲಿಯೋನು, ಪಾತ್ರೆ ತೊಳೀತಾ ಪರೀಕ್ಷೆ ಮಾಡ್ಕೊಳ್ಳೋನು, ಕೈ ಬೇರೆ ಕೆಲಸದಲ್ಲಿದ್ದಾಗ್ಲೂ ಮಾತು ಬಂತು ಅಂದ್ರೆ ಒಳಗಿಳಿದಿದೆ ಅಂತ. ಶೂಟಿಂಗ್‌ದು ಬೇರೆ, ಆವತ್ತಿಂದು ಆವತ್ತಿಗೆ, ಮಾರನೇ ದಿನ ಕೇಳಿದ್ರೆ ಒಂದು ಸಾಲೂ ನೆನಪಿರಲ್ಲ.

ಅಳೋ ಸೀನಲ್ಲಿ ನಿಜವಾಗ್ಲೂ ಅಳ್ತೀರಾ? ಗ್ಲಿಸರಿನ್ನಾ?

ಎರಡೂ. ಹದಿನಾಲ್ಕನೇ ಟೇಕಲ್ಲಿ ಗ್ಲಿಸರಿನ್ ಹಾಕ್ಕೊಳ್ಳೋದ್ರಲ್ಲಿ ಮೋಸ ಏನಿಲ್ಲ.

ಆದ್ರೆ ಈ ಪ್ರಶ್ನೆ ಮೇಲೆ ನಮ್ಮೋರು ಶತಮಾನಗಟ್ಟಲೆ ಜಗಳ ಆಡ್ತಿದಾರೆ. ಫ್ರಾನ್ಸಿನ ಲೇಖಕ ದಿದರೋ 1770ರ ದಶಕದಲ್ಲೇ ವಾದ ಮಾಡಿದ್ದ, ದೊಡ್ಡ ನಟ ಒಳಗೆ ತಣ್ಣಗಿರ್ತಾನೆ, ಅಳೋದು ನೋಡೋರ ಕೆಲಸ ಅಂತ. ಆ ಕಡೆ ರಷ್ಯಾದ ಸ್ಟಾನಿಸ್ಲಾವ್‌ಸ್ಕಿ, 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಶುರು ಮಾಡಿದೋರಲ್ಲಿ ಒಬ್ಬರು, ನಟ ತನ್ನ ಸ್ವಂತ ನೆನಪಿಂದ ಭಾವ ತರೋ ದಾರಿ ಹುಡುಕಿದರು. ಅದನ್ನ ಅಮೆರಿಕದಲ್ಲಿ ನಟನೆ ಕಲಿಸ್ತಿದ್ದ ಲೀ ಸ್ಟ್ರಾಸ್‌ಬರ್ಗ್ ಗಟ್ಟಿಯಾಗಿ ಹಿಡ್ಕೊಂಡರು. ಆದ್ರೆ 1934ರಲ್ಲಿ ಅಲ್ಲಿನವರೇ ಆದ ನಟಿ ಸ್ಟೆಲ್ಲಾ ಆಡ್ಲರ್ ಪ್ಯಾರಿಸ್ಸಲ್ಲಿ ಸ್ಟಾನಿಸ್ಲಾವ್‌ಸ್ಕಿನ್ನೇ ಭೇಟಿಯಾಗಿ ವಾರಗಟ್ಟಲೆ ಜೊತೆ ಕೆಲಸ ಮಾಡಿ ಬಂದು, ಅವರು ಆಗ್ಲೇ ಆ ನೆನಪಿನ ದಾರಿ ಬಿಟ್ಟು ಕ್ರಿಯೆ ಕಡೆ, ಸನ್ನಿವೇಶದ ಕಲ್ಪನೆ ಕಡೆ ಹೊರಳಿದಾರೆ ಅಂದುಬಿಟ್ಟರು. ಅಲ್ಲಿಗೆ ಗುರುಗಳ ಹೆಸರಲ್ಲೇ ಎರಡು ಮನೆ. ನಮ್ಮ ನಾಟ್ಯಶಾಸ್ತ್ರ ಇದನ್ನ ಜಗಳ ಇಲ್ದೆ ಮುಗಿಸಿದೆ ಅನ್ಸುತ್ತೆ ನಂಗೆ, ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಅಂತ ನಾಲ್ಕು ಅಭಿನಯ, ಮೈ ಮಾತು ವೇಷದ ಜೊತೆಗೆ ಕಣ್ಣೀರು, ಬೆವರು, ರೋಮಾಂಚನ ಇವಕ್ಕೂ ಒಂದು ಜಾಗ.

ನನ್ನ ಅನುಭವ ಏನಂದ್ರೆ, ಅಳ್ಬೇಕು ಅಂತ ಹೊರಟ್ರೆ ಅಳು ಬರಲ್ಲ, ಅಳಬಾರದು ಅಂತ ಒದ್ದಾಡಿದ್ರೆ ಬರುತ್ತೆ. ನಿಜ ಜೀವನದಲ್ಲೂ ಜನ ಅಳು ತಡ್ಕೊಳ್ಳೋಕೆ ತಾನೆ ನೋಡೋದು.

ಇನ್ನು ಕ್ಯಾಮೆರಾ ವಿಷಯದಲ್ಲಿ ಸಿನಿಮಾ ನಿರ್ದೇಶಕ ಕುಲೆಶೋವ್‌ನ ಪ್ರಯೋಗ ನೆನಪಿಟ್ಕೊಂಡ್ರೆ ಸೊಕ್ಕು ಇಳಿಯುತ್ತೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಆತ ಮೊಸ್ಜುಖಿನ್ ಅನ್ನೋ ನಟನ ಒಂದೇ ನಿರ್ಭಾವದ ಶಾಟನ್ನ ಒಮ್ಮೆ ಸೂಪಿನ ಬಟ್ಟಲ ಜೊತೆ, ಒಮ್ಮೆ ಶವಪೆಟ್ಟಿಗೆ ಜೊತೆ, ಒಮ್ಮೆ ಒಬ್ಬ ಹೆಂಗಸಿನ ಜೊತೆ ಜೋಡ್ಸಿದ. ನೋಡ್ದೋರು ಆಹಾ ಎಂಥ ಹಸಿವು, ಎಂಥ ದುಃಖ, ಎಂಥ ಆಸೆ ಅಂತ ಹೊಗಳಿದರಂತೆ. ಮುಖ ಒಂದೇ ಇತ್ತು! ಅಂದ್ರೆ ನನ್ನ ಅತ್ಯುತ್ತಮ ಕ್ಲೋಸಪ್ ಅಂತ ಜನ ಹೇಳೋದು ನಾನು ಊಟಕ್ಕೆ ಯಾವಾಗ ಬಿಡ್ತಾರೋ ಅಂತ ಯೋಚಿಸ್ತಿದ್ದಾಗಿಂದೂ ಆಗಿರಬಹುದು.

ಸ್ಟೇಜ್ ಮೇಲೆ ಮಾತು ಮರೆತೋದ್ರೆ?

ಮರೆತೋಗುತ್ತೆ, ಎಲ್ಲರಿಗೂ. ಲಾರೆನ್ಸ್ ಒಲಿವಿಯರ್‌ಗಿಂತ ದೊಡ್ಡ ರಂಗನಟ ಬೇಕಾ? ಅವರಿಗೆ 1960ರ ದಶಕದಲ್ಲಿ, ಅಂದ್ರೆ ಹೆಸರಿನ ತುತ್ತತುದೀಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ನಡೆಸ್ತಿದ್ದಾಗ, ವರ್ಷಗಟ್ಟಲೆ ಸ್ಟೇಜ್ ಭಯ ಹಿಡ್ಕೊಂಡಿತ್ತು. ಹಾಗಿದ್ರೂ ಆಡಿದರು.

ನಂದು ಒಂದು ಹೇಳ್ತೀನಿ. ಎರಡನೇ ಅಂಕದಲ್ಲಿ ಫೋನ್ ರಿಂಗ್ ಆಗ್ಬೇಕು, ನಾನು ಎತ್ತಬೇಕು, ಆ ಫೋನಿಂದಲೇ ಕಥೆ ತಿರುಗೋದು. ರಿಂಗೇ ಬರ್ಲಿಲ್ಲ, ಸೌಂಡ್ ಕೈಕೊಡ್ತು. ನಾವಿಬ್ಬರು ಸ್ಟೇಜ್ ಮೇಲೆ, ಮಾತು ಖಾಲಿ. ಮೌನ. ಆ ಮೌನ ಬಹುಶಃ ಐದು ಸೆಕೆಂಡ್, ಆದ್ರೆ ನಂಗೆ ನನ್ನ ಮೀಸೆಯ ಗಮ್ಮು ಒಣಗ್ತಿರೋ ಸದ್ದೂ ಕೇಳಿಸ್ತಿತ್ತು. ನಾನು ಹೋಗಿ ಫೋನೆತ್ತಿ "ನಾನೇ ಮಾಡೋಣ ಅಂತಿದ್ದೆ" ಅಂದೆ. ಅದೇ ಟೈಮಿಗೆ ಸರಿಯಾಗಿ ರಿಂಗ್ ಶುರು ಆಯ್ತು, ನನ್ನ ಕೈಲಿರೋ ಫೋನೇ ರಿಂಗ್ ಆಗ್ತಿದೆ. ಜೊತೆಗಿದ್ದ ನಟಿ ಒಂದು ಕ್ಷಣಾನೂ ತಡವರಿಸದೆ "ಒಳಗಿನ ಫೋನ್ ಇರ್ಬೇಕು, ನಾನ್ ನೋಡ್ತೀನಿ" ಅಂತ ಸೈಡ್ ವಿಂಗ್‌ಗೆ ಹೋಗಿ, ಅಲ್ಲಿ ಯಾರಿಗೋ ಬೈದು, ಹದಿನೈದು ಸೆಕೆಂಡ್ ಆದ್ಮೇಲೆ ವಾಪಸ್ ಬಂದು ರಾಂಗ್ ನಂಬರ್ ಅಂದಳು. ಜನ ನಕ್ಕರು. ಮುಂದಿನ ಶೋಗೆ ಡೈರೆಕ್ಟರ್ ಅದನ್ನೇ ಇಟ್ಕೊಳೋಣ ಅಂದ್ರು, ಇಟ್ಕೊಂಡ್ವಿ, ಒಬ್ಬರೂ ನಗಲಿಲ್ಲ.

ಒಂದೇ ನಾಟಕ ಅಷ್ಟು ಸಲ ಮಾಡಿ ಬೋರ್ ಹೊಡೆಯಲ್ವಾ?

ಹೊಡೆಯುತ್ತೆ. ಆದ್ರೆ ಲಂಡನ್ನಲ್ಲಿ 1952ರಿಂದ ನಡೀತಿರೋ ‘ದಿ ಮೌಸ್‌ಟ್ರ್ಯಾಪ್’ ಅನ್ನೋ ಕೊಲೆ ರಹಸ್ಯದ ನಾಟಕದಲ್ಲಿ, ಕೋವಿಡ್ ಕಾಲ ಬಿಟ್ರೆ ನಿಂತೇ ಇಲ್ಲ ಅದು, ಡೇವಿಡ್ ರೇವನ್ ಅನ್ನೋ ನಟ ಒಂದೇ ಪಾತ್ರ, ಸೇನೆಯ ಮೇಜರ್ ಒಬ್ಬನದ್ದು, 4,575 ಸಲ ಮಾಡಿದರು. ಅದಕ್ಕೆ ಹೋಲಿಸಿದ್ರೆ ನನ್ನ ನೂರಿಪ್ಪತ್ತು ಶೋ ಏನೂ ಅಲ್ಲ. ನಲವತ್ತನೇ ಶೋ ಹತ್ರ ಒಂದು ಗುಂಡಿ ಬರುತ್ತೆ, ಮಾತು ಬಾಯಲ್ಲಿ, ಮನಸ್ಸು ಬಸ್ ಟೈಮಲ್ಲಿ. ಆಗ ನಾನು ಮಾಡೋದು ಒಂದೇ, ಎದುರಿನವರ ಮಾತನ್ನ ನಿಜವಾಗಿ ಕೇಳಿಸ್ಕೊಳ್ಳೋದು. ಅವರು ಪ್ರತಿದಿನ ಒಂಚೂರು ಬೇರೆ ತರ ಹೇಳ್ತಾರೆ, ನಾವು ಕೇಳಿಸ್ಕೊಂಡಿರಲ್ಲ ಅಷ್ಟೇ.

ಹುಷಾರಿಲ್ಲ ಅಂದ್ರೂ ಶೋ ಮಾಡ್ಲೇಬೇಕಾ?

ಫ್ರಾನ್ಸಿನ ನಾಟಕಕಾರ, ನಟ ಮೋಲಿಯೇರ್ ಕಥೆ ಎಲ್ರೂ ಹೇಳ್ತಾರೆ, 1673ರಲ್ಲಿ ಇಲ್ಲದ ಕಾಯಿಲೆ ಇದೆ ಅಂತ ನರಳೋನ ಪಾತ್ರ ಮಾಡ್ತಾ ಇದ್ದಾಗ ನಿಜವಾದ ಕಾಯಿಲೆಯಿಂದ ಕುಸಿದು, ಆಟ ಮುಗಿಸಿ, ಮನೆಗೆ ಹೋಗಿ ಕೆಲವೇ ಗಂಟೇಲಿ ತೀರ್ಕೊಂಡ್ರು ಅಂತ. ಇದನ್ನ ಏನೋ ಘನಕಾರ್ಯ ಅನ್ನೋ ಹಾಗೆ ಹೇಳೋರನ್ನ ಕಂಡ್ರೆ ನಂಗೆ ಕೋಪ ಬರುತ್ತೆ. ಅಂಡರ್‌ಸ್ಟಡಿ ಅಂತ, ಅಂದ್ರೆ ಪಾತ್ರ ಕಲಿತು ಬದಲಿಗೆ ತಯಾರಿರೋ ನಟ ಅಂತ, ಇರೋದು ಯಾಕೆ? ದೊಡ್ಡ ಸಂಗೀತ ನಾಟಕಗಳಲ್ಲಿ ಸ್ವಿಂಗ್ ಅಂತ ಇರ್ತಾರೆ, ಐದು, ಎಂಟು, ಹತ್ತು ಜನರ ಪಾತ್ರ, ಹೆಜ್ಜೆ, ಹಾಡು ಎಲ್ಲಾ ಗೊತ್ತು, ಯಾರು ಬೀಳ್ತಾರೋ ಅವರ ಜಾಗಕ್ಕೆ ಹತ್ತು ನಿಮಿಷದಲ್ಲಿ ಇಳೀತಾರೆ. ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ಕೌಶಲ ಇರೋದು ಅವರಿಗೇ, ಪೋಸ್ಟರಲ್ಲಿ ಹೆಸರು ಮಾತ್ರ ಅತಿ ಸಣ್ಣ ಅಕ್ಷರ.

ಆದ್ರೆ ಸಣ್ಣ ತಂಡದಲ್ಲಿ ಅಂಡರ್‌ಸ್ಟಡಿ ಎಲ್ಲಿಂದ ತರೋದು, ಜ್ವರದಲ್ಲೇ ಮಾಡಿದೀನಿ, ಸುಳ್ಳು ಯಾಕೆ.

ನಂಗೀಗ ಮೂವತ್ತೈದು, ಲೇಟ್ ಆಯ್ತಾ?

ಹೀರೋ ಆಗೋಕೋ ನಟ ಆಗೋಕೋ? ನಟ ಆಗೋಕೆ ಆಗಿಲ್ಲ. ಅಲನ್ ರಿಕ್‌ಮನ್ ಮೊದಲು ಗ್ರಾಫಿಕ್ ಡಿಸೈನರ್ ಆಗಿದ್ದೋರು, ಇಪ್ಪತ್ತಾರಕ್ಕೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ ಸೇರಿ, ಆಮೇಲೆ ವರ್ಷಾನುಗಟ್ಟಲೆ ನಾಟಕ, ಮೊದಲನೇ ಸಿನಿಮಾ ತೆರೆಗೆ ಬಂದಿದ್ದು 1988ರಲ್ಲಿ, ನಲವತ್ತೆರಡರಲ್ಲಿ. ಆಂಥೋನಿ ಹಾಪ್‌ಕಿನ್ಸ್‌ಗೆ 2021ರಲ್ಲಿ ಅತ್ಯುತ್ತಮ ನಟ ಆಸ್ಕರ್ ಬಂದಾಗ ಎಂಬತ್ತಮೂರು. ಜೊಹ್ರಾ ಸೆಹಗಲ್ ತೊಂಬತ್ತು ದಾಟಿದ ಮೇಲೂ ಸಿನಿಮಾದಲ್ಲಿ ಮಾಡಿದರು, ಬದುಕಿದ್ದು 102 ವರ್ಷ.

ಇದನ್ನೆಲ್ಲಾ ಹೇಳಿ ಸಮಾಧಾನ ಮಾಡೋದು ಸುಲಭ, ಆದ್ರೆ ಇವರ್ಯಾರೂ ಸುಮ್ನೆ ಕಾಯ್ತಾ ಕೂತಿರಲಿಲ್ಲ ಅನ್ನೋದನ್ನ ಬಿಟ್ಟುಬಿಡ್ತೀವಿ. ಲೇಟಾಗಿ ಹೆಸರು ಬಂತು ಅಷ್ಟೇ, ಕೆಲಸ ಲೇಟಾಗಿ ಶುರುವಾಗಿದ್ದಲ್ಲ. ಇನ್ನೊಂದು ಕಹಿ ಮಾತು, ಗಂಡಸರಿಗೆ ನಲವತ್ತಾದ್ಮೇಲೆ ಅಪ್ಪ, ಪೊಲೀಸ್, ಮಂತ್ರಿ, ವಿಲನ್ ಅಂತ ಪಾತ್ರ ಜಾಸ್ತಿ ಆಗುತ್ತೆ, ಹೆಂಗಸರಿಗೆ ಅದೇ ವಯಸ್ಸಲ್ಲಿ ಫೋನ್ ನಿಲ್ಲುತ್ತೆ. ನನ್ನ ಜೊತೆ ಶುರು ಮಾಡಿದ, ನನಗಿಂತ ಎಷ್ಟೋ ಚೆನ್ನಾಗಿ ಮಾಡ್ತಿದ್ದ ಮೂವರು ನಟಿಯರು ಈಗ ಬೇರೆ ಕೆಲಸದಲ್ಲಿದಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಡ್ರಾಮಾ ಸ್ಕೂಲಿಗೆ ಹೋಗ್ಲೇಬೇಕಾ?

ಹೋಗೋಕಾದ್ರೆ ಹೋಗಿ. ಟೆಕ್ನಿಕ್‌ಗಿಂತ ಹೆಚ್ಚಾಗಿ, ಎರಡು ಮೂರು ವರ್ಷ ಪ್ರತಿದಿನ ಕೆಟ್ಟದಾಗಿ ಮಾಡೋಕೆ ಅಲ್ಲಿ ಅವಕಾಶ ಸಿಗುತ್ತೆ, ಹೊರಗಡೆ ಕೆಟ್ಟದಾಗಿ ಮಾಡಿದ್ರೆ ಮುಂದಿನ ಸಲ ಕರೆಯಲ್ಲ. ಸ್ಕೂಲ್ ಇಲ್ದೆ ಬಂದೋರೂ ಬೇಕಾದಷ್ಟಿದಾರೆ, ಆದ್ರೆ ಅವರಿಗೂ ಒಂದು ಗರಡಿ ಇರುತ್ತೆ. ಡಾ. ರಾಜ್‌ಕುಮಾರ್ ಯಾವ ಕಾಲೇಜಲ್ಲಿ ಕಲಿತರು? ಹುಡುಗನಾಗಿದ್ದಾಗಿಂದ ಗುಬ್ಬಿ ಕಂಪನಿಯಂಥ ಕಡೆ ರಾತ್ರಿ ಪೂರ್ತಿ ನಾಟಕ, 1954ರಲ್ಲಿ ಸಿನಿಮಾ ಹೀರೋ ಆಗೋ ಹೊತ್ತಿಗೆ ಕಂಠ, ಉಸಿರು, ನಿಲುವು ಎಲ್ಲಾ ತಯಾರಾಗಿತ್ತು.

ಎರಡು ನಿಮಿಷದ ಪಾತ್ರಕ್ಕೆ ಅಷ್ಟೊಂದು ತಯಾರಿ ಯಾಕೆ?

ಜೂಡಿ ಡೆಂಚ್ ‘ಶೇಕ್ಸ್‌ಪಿಯರ್ ಇನ್ ಲವ್’ ಸಿನಿಮಾದಲ್ಲಿ ಸುಮಾರು ಎಂಟು ನಿಮಿಷ ತೆರೆ ಮೇಲಿದ್ದ ರಾಣಿ ಎಲಿಜಬೆತ್ ಪಾತ್ರಕ್ಕೆ 1999ರಲ್ಲಿ ಆಸ್ಕರ್ ತಗೊಂಡ್ರು. ಹೌದು, ಅವರು ಜೂಡಿ ಡೆಂಚ್, ಬ್ರಿಟನ್ನಿನ ದೊಡ್ಡ ನಟಿ. ನನ್ನ ಕಾರಣ ಇನ್ನೂ ಸರಳ, ಸಣ್ಣ ಪಾತ್ರದವನಿಗೆ ಸಿಗೋದೇ ಎರಡು ಟೇಕ್. ಹೀರೋ ಆದ್ರೆ ಬಿಸಿಯಾಗೋಕೆ ಟೈಮ್ ಇರುತ್ತೆ, ನಾನು ತಣ್ಣಗೆ ಹೋಗಿ, ಯಾರ ಪರಿಚಯನೂ ಇಲ್ದೆ, ಎರಡು ತಿಂಗಳಿಂದ ಒಟ್ಟಿಗೆ ಕೆಲಸ ಮಾಡ್ತಿರೋರ ನಡುವೆ ನಿಂತು ಮೊದಲನೇ ಸಲಕ್ಕೇ ಸರಿ ಮಾಡ್ಬೇಕು.

ಸೆಟ್ಟಲ್ಲಿ ದಿನವೆಲ್ಲಾ ಏನ್ ಮಾಡ್ತೀರಿ?

ಕಾಯ್ತೀವಿ. ಬೆಳಗ್ಗೆ ಆರಕ್ಕೆ ಮೇಕಪ್, ಸಂಜೆ ನಾಲ್ಕಕ್ಕೆ ಶಾಟ್, ನಡುವೆ ಕುರ್ಚಿ. ನಟನೆ ಪುಕ್ಕಟೆ ಮಾಡ್ತೀನಿ, ದುಡ್ಡು ತಗೊಳೋದು ಕಾಯೋದಕ್ಕೆ ಅಂತ ನಮ್ಮಲ್ಲೊಂದು ಹಳೇ ಜೋಕಿದೆ.

ಪೇಮೆಂಟ್ ಸರಿಯಾಗಿ ಬರುತ್ತಾ? ಯೂನಿಯನ್ ಬೇಕಾ?

ಬೇಕು. ಒಂದ್ಸಲ ಹನ್ನೊಂದು ದಿನ ಕೆಲಸ ಮಾಡಿ, ಅಗ್ರಿಮೆಂಟ್ ಮಾಡ್ಕೊಳ್ದೆ, ಮಾತಿನ ಮೇಲೆ ನಂಬಿ, ಇವತ್ತಿಗೂ ಆ ದುಡ್ಡು ಬಂದಿಲ್ಲ. ಆ ನಿರ್ಮಾಪಕರು ಎದುರು ಸಿಕ್ಕಾಗೆಲ್ಲಾ ತಬ್ಕೊಂಡು ಮಾತಾಡಿಸ್ತಾರೆ, ಅದೊಂದು ಬೇರೆ. ಅದಕ್ಕೇ ಹೇಳೋದು, ಬರವಣಿಗೇಲಿ ಇರಬೇಕು: ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ, ಶೂಟಿಂಗ್ ರದ್ದಾದ್ರೆ ಏನು, ಡಬ್ಬಿಂಗ್ ಸೇರಿದೆಯೋ ಬೇರೆಯೋ, ಜಾಹೀರಾತು ಆದ್ರೆ ಎಷ್ಟು ಕಾಲ ಎಲ್ಲೆಲ್ಲಿ ತೋರಿಸ್ತಾರೆ. ಕೊನೇದು ತುಂಬಾ ಮುಖ್ಯ, ಯಾಕಂದ್ರೆ ಒಂದು ಬ್ರ್ಯಾಂಡ್‌ಗೆ ಮುಖ ಕೊಟ್ರೆ ಅದರ ಎದುರಾಳಿ ಬ್ರ್ಯಾಂಡ್‌ಗಳೆಲ್ಲಾ ನಿಮಗೆ ಬಾಗಿಲು ಹಾಕ್ತಾವೆ.

ಈ ಹಕ್ಕುಗಳು ಯಾವುವೂ ಮೇಲಿಂದ ಉದುರಿದ್ದಲ್ಲ. ಅಮೆರಿಕದ ರಂಗನಟರು 1913ರಲ್ಲಿ ಆಕ್ಟರ್ಸ್ ಈಕ್ವಿಟಿ ಕಟ್ಟಿದಾಗ ರಿಹರ್ಸಲ್‌ಗೆ ಸಂಬಳನೇ ಇರಲಿಲ್ಲ, ಎಷ್ಟು ವಾರ ಬೇಕಾದ್ರೂ ಪುಕ್ಕಟೆ ಮಾಡಿಸ್ಕೋಬಹುದಿತ್ತು, ಟೂರ್ ಮಧ್ಯೆ ನಾಟಕ ನಿಂತ್ರೆ ಯಾವುದೋ ಊರಲ್ಲಿ ಬಿಟ್ಟುಹೋಗ್ತಿದ್ರು, ಮನೆಗೆ ವಾಪಸ್ ಬರೋ ಖರ್ಚೂ ನಟರದ್ದೇ. 1919ರಲ್ಲಿ ಒಂದು ತಿಂಗಳು ಮುಷ್ಕರ ಮಾಡಿ ನಾಟಕಮಂದಿರಗಳನ್ನ ಮುಚ್ಚಿಸಿದ ಮೇಲೆ ಮಾಲೀಕರು ಬಗ್ಗಿದ್ದು. ಸಿನಿಮಾ ನಟರು ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಕಟ್ಟಿದ್ದು 1933ರಲ್ಲಿ. 1960ರ ಮುಷ್ಕರದಲ್ಲಿ ಗಿಲ್ಡ್ ಅಧ್ಯಕ್ಷ ಯಾರು ಗೊತ್ತಾ, ರೊನಾಲ್ಡ್ ರೇಗನ್, ಮುಂದೆ ದೇಶಕ್ಕೇ ಅಧ್ಯಕ್ಷ ಆದೋರು. ಸಿನಿಮಾ ಟೀವೀಲಿ ಬಂದಾಗ್ಲೂ ನಟರಿಗೆ ಒಂದು ಪಾಲು ಬರಬೇಕು ಅನ್ನೋದು, ಪೆನ್ಶನ್, ಆರೋಗ್ಯ ವಿಮೆ, ಎಲ್ಲಾ ಆಗ ಗೆದ್ದಿದ್ದು. ಇಂಥ ಪಾಲು ಸಿಗೋ ವ್ಯವಸ್ಥೆ ಇಲ್ದಿರೋ ಕಡೆ ಕೆಲಸ ಮಾಡೋ ನಟರಿಗೆ ಸಿನಿಮಾ ಎಷ್ಟು ಸಲ ಮರುಪ್ರಸಾರ ಆದ್ರೂ ಬರೋದು ಸಂಬಂಧಿಕರ ಫೋನ್ ಮಾತ್ರ.

ಎಐ ಬಂದ್ಮೇಲೆ ನಿಮ್ಮ ಕೆಲಸ ಹೋಗುತ್ತಾ?

ಹೆದರಿಕೆ ಇದೆ, ಅದರಲ್ಲೂ ನಮ್ಮಂಥ ಸಣ್ಣವರಿಗೆ. 2023ರಲ್ಲಿ ಅಮೆರಿಕದ ನಟರು 118 ದಿನ ಮುಷ್ಕರ ಮಾಡಿದ್ದಕ್ಕೆ ಇದೂ ಒಂದು ಕಾರಣ, ನಟರ ಒಪ್ಪಿಗೆ ಮತ್ತು ದುಡ್ಡು ಇಲ್ದೆ ಅವರ ಡಿಜಿಟಲ್ ನಕಲು ಮಾಡಬಾರದು ಅನ್ನೋದು ಒಪ್ಪಂದಕ್ಕೆ ಸೇರ್ತು. ನನ್ನ ಅಂದಾಜು, ಮೊದಲು ಏಟು ಬೀಳೋದು ದನಿಗೆ. ವಾಯ್ಸ್ ಓವರ್ ಅಗ್ರಿಮೆಂಟಲ್ಲಿ ಈ ದನಿಯನ್ನ ಯಾವುದೇ ರೂಪದಲ್ಲಿ, ಯಾವುದೇ ತಂತ್ರಜ್ಞಾನದಲ್ಲಿ, ಶಾಶ್ವತವಾಗಿ ಅಂತ ಒಂದು ಸಾಲು ನುಗ್ಗಿಸಿರ್ತಾರೆ, ಸೈನ್ ಹಾಕೋಕೆ ಮುಂಚೆ ಅದನ್ನ ಹುಡುಕಿ ಹೊಡೆದುಹಾಕಿ. ಕೆಲಸ ಹೋದ್ರೂ ಹೋಗ್ಲಿ. ನಾನು ಎರಡು ಸಲ ಹೊಡೆದುಹಾಕಿದೀನಿ, ಒಂದು ಸಲ ಒಪ್ಪಿದ್ರು, ಒಂದು ಸಲ ಬೇರೆಯವರನ್ನ ಕರೆದ್ರು.

ಮುದ್ದಾಡೋ ಸೀನ್ ಎಲ್ಲಾ ಮುಜುಗರ ಆಗಲ್ವಾ?

ಫೈಟ್ ಸೀನ್ ತರಾನೇ ಅದು, ಯಾವ ಕೈ ಎಲ್ಲಿ ಅಂತ ಮೊದಲೇ ಗೊತ್ತಿದ್ರೆ ಯಾರಿಗೂ ಏಟಾಗಲ್ಲ. ಈಗ ಅದನ್ನ ಮೊದಲೇ ಗೊತ್ತು ಮಾಡಿಸೋಕೆ ಇಂಟಿಮಸಿ ಕೋಆರ್ಡಿನೇಟರ್ ಅಂತ ಇರ್ತಾರೆ, ಅಮೆರಿಕದ ಟೀವಿ ಚಾನೆಲ್ ಎಚ್‌ಬಿಒ 2018ರಲ್ಲಿ ಇಂಥ ಸೀನ್ ಇರೋ ಕಡೆಯೆಲ್ಲಾ ಅವರಿರಬೇಕು ಅಂದ ಮೇಲೆ ಉಳಿದ ಕಡೇನೂ ಹಬ್ತು. ಮುಂಚೆ ಇದೆಲ್ಲಾ ಇರಲಿಲ್ಲ, ನೀವಿಬ್ರೇ ನೋಡ್ಕೊಳ್ರಪ್ಪಾ ಅಂತ ಬಿಟ್ಟುಬಿಡ್ತಿದ್ರು, ಅದರಿಂದ ಎಷ್ಟು ಜನ ನರಳಿದಾರೋ.

ಅವಕಾಶ ಕೊಡಿಸ್ತೀನಿ ಅಂತ ಒಬ್ಬರು ದುಡ್ಡು ಕೇಳ್ತಿದಾರೆ, ಕೊಡ್ಲಾ?

ಕೊಡಬೇಡಿ. ಏಜೆಂಟ್ ಆದೋರು ನಿಮಗೆ ದುಡ್ಡು ಬಂದ್ಮೇಲೆ ಕಮಿಷನ್ ತಗೋತಾರೆ, ಬರೋಕೆ ಮುಂಚೆ ಅಲ್ಲ. ರಿಜಿಸ್ಟ್ರೇಷನ್ ಫೀ, ಪೋರ್ಟ್‌ಫೋಲಿಯೋ ನಮ್ಮಲ್ಲೇ ಮಾಡಿಸ್ಬೇಕು ಅನ್ನೋದು, ಎಲ್ಲಾ ಒಂದೇ ಬಲೆ.

ಬಿಟ್ಟುಬಿಡೋಣ ಅನ್ಸಿಲ್ವಾ ಯಾವತ್ತೂ?

ವರ್ಷಕ್ಕೆರಡು ಸಲ. ಒಂದ್ಸಲ ನಿಜವಾಗಿ ಬಿಟ್ಟೆ, ಹದಿನಾಲ್ಕು ತಿಂಗಳು ಆಫೀಸ್ ಕೆಲಸ, ಪ್ರತಿ ತಿಂಗಳು ಒಂದೇ ತಾರೀಖಿಗೆ ಸಂಬಳ, ಅದೂ ಒಂದು ಸುಖಾನೇ ರೀ. ಒಂದಿನ ಮೀಟಿಂಗಲ್ಲಿ ಮ್ಯಾನೇಜರ್ ಯಾರಿಗೋ ಬೈತಿದ್ರು, ಉಳಿದೋರೆಲ್ಲಾ ತಲೆ ತಗ್ಗಿಸಿ ಕೂತಿದ್ರೆ ನಾನು ಮಾತ್ರ ಅವರ ಎಡಗೈ ನೋಡ್ತಿದ್ದೆ, ಬಾಯಿ ಅಷ್ಟು ಜೋರಾಗಿ ಕೂಗ್ತಿದ್ರೂ ಎಡಗೈ ಪೆನ್ನಿನ ಮುಚ್ಚಳನ ಮೆತ್ತಗೆ ಹಾಕಿ ತೆಗೆದು ಮಾಡ್ತಿತ್ತು. ಅಯ್ಯೋ ಇವರು ಹೆದರಿದಾರೆ ಅಂತ ಗೊತ್ತಾಯ್ತು. ಆ ಮುಚ್ಚಳ ಎರಡು ವರ್ಷ ಆದ್ಮೇಲೆ ಒಂದು ನಾಟಕದಲ್ಲಿ ಉಪಯೋಗಿಸಿದೆ.

ಸರಿ, ಈಗ ಇಲ್ಲೇ ಒಂದು ಸೀನ್ ಮಾಡಿ ತೋರ್ಸಿ?

ಡಾಕ್ಟರ್ ಸಿಕ್ಕಿದ್ರೆ ಇಲ್ಲೇ ಒಂದು ಆಪರೇಷನ್ ಮಾಡಿ ಅಂತೀರಾ ಅಂತ ಮುಂಚೆ ಉರೀತಿದ್ದೆ. ಈಗ ಉರಿಯಲ್ಲ. ನಾಳೆ ಹನ್ನೆರಡರೊಳಗೆ ಒಂದು ಸೆಲ್ಫ್ ಟೇಪ್ ಕಳಿಸ್ಬೇಕು, ಪೊಲೀಸ್ ಪೇದೆ, ಮೂರು ಸಾಲು, ಹೆಂಡ್ತಿ ಊರಲ್ಲಿಲ್ಲ. ಬನ್ನಿ, ಈ ಲೆನ್ಸ್ ಪಕ್ಕ ನಿಂತ್ಕೊಂಡು ಇನ್ಸ್‌ಪೆಕ್ಟರ್ ಮಾತು ನೀವೇ ಓದಿ. ಜಾಸ್ತಿ ಆಕ್ಟಿಂಗ್ ಬೇಡ, ಸುಮ್ನೆ ತರಕಾರಿ ಲಿಸ್ಟ್ ತರ.